ಕೆಂಪು ಬೂಟಿನ ಗೆಜ್ಜೆ

ಮೆಕ್ಸಿಕೋ ದೇಶದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋಳ ಮುಖವನ್ನು ನೋಡದವರು ಈಗ ಕಡಿಮೆ. ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುತ್ತದೆ. ಕೂಡಿಕೊಂಡ ಹುಬ್ಬು, ತಲೆತುಂಬ ಹೂವು, ಕೊರಳಲ್ಲಿ ದಪ್ಪ ಕಲ್ಲಿನ ಸರ. ನಮ್ಮೂರಿನ ಬಳೆ ಅಂಗಡಿಯಲ್ಲೂ ಆ ಮುಖವನ್ನು ಅಚ್ಚೊತ್ತಿದ ಕೈಚೀಲಗಳು ತೂಗಾಡುತ್ತಿರುತ್ತವೆ. ಈ ಲೇಖನ ಆ ಮುಖದ ಬಗ್ಗೆ ಅಲ್ಲ; ಆಕೆಗೆ ಹೆಸರು ತಂದ ಚಿತ್ರಗಳ ಬಗ್ಗೆಯೂ ಅಷ್ಟಾಗಿ ಅಲ್ಲ. ಆಕೆ ಉಡುತ್ತಿದ್ದ ಲಂಗದ ಬಗ್ಗೆ, ಮತ್ತು ಕೊನೆಯ ವರ್ಷದಲ್ಲಿ ತೊಟ್ಟ ಒಂದು ಬೂಟಿನ ಬಗ್ಗೆ. ಬಟ್ಟೆಬರೆಯ ವಿಷಯವೆಂದರೆ ವಿಮರ್ಶಕರು ಸಾಮಾನ್ಯವಾಗಿ ಕೊನೆಯ ಪುಟಕ್ಕೆ ತಳ್ಳುತ್ತಾರೆ. ನನಗೆ ಮಾತ್ರ, ಆಕೆಯ ಕಲೆಯಲ್ಲಿ ನಡಿಗೆ ಎಂಬುದು ಎಲ್ಲಾದರೂ ಇದ್ದರೆ ಅದು ಈ ಬಟ್ಟೆಗಳಲ್ಲಿಯೇ ಇದೆ ಅನ್ನಿಸಿದೆ.

ಫ್ರೀಡಾ ಹುಟ್ಟಿದ್ದು 1907ರಲ್ಲಿ, ಮೆಕ್ಸಿಕೋ ನಗರದ ಕೊಯೊಅಕಾನ್ ಎಂಬಲ್ಲಿ. ಆರನೆಯ ವಯಸ್ಸಿಗೆ ಪೋಲಿಯೋ ಬಂದು ಬಲಗಾಲು ಸಣಕಲಾಯಿತು, ಗಿಡ್ಡವೂ ಆಯಿತು. ಓರಗೆಯ ಮಕ್ಕಳು ಮರಗಾಲಿನವಳೆಂದು ಕೂಗಿ ನಗುತ್ತಿದ್ದರು. ಹುಡುಗಿ ಆ ಸಣ್ಣಗಾಲಿಗೆ ಮೂರು ನಾಲ್ಕು ಕಾಲುಚೀಲಗಳನ್ನು ಒಂದರ ಮೇಲೊಂದು ಏರಿಸಿ ಎರಡೂ ಕಾಲು ಒಂದೇ ದಪ್ಪ ಕಾಣುವಂತೆ ಮಾಡಿಕೊಳ್ಳುತ್ತಿದ್ದಳಂತೆ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಕಾಲುಚೀಲಗಳನ್ನೇ ಆಕೆಯ ಮೊದಲ ಕೃತಿ ಎಂದು ನಾನು ಲೆಕ್ಕ ಹಿಡಿಯುತ್ತೇನೆ. 1925ರ ಸೆಪ್ಟೆಂಬರ್ 17ರಂದು ಆಕೆ ಕೂತಿದ್ದ ಬಸ್ಸಿಗೆ ಟ್ರಾಮ್ ಬಡಿದು ಬೆನ್ನುಮೂಳೆ, ಸೊಂಟ, ಅದೇ ಬಲಗಾಲು, ಎಲ್ಲವೂ ಮುರಿದವು. ಆಮೇಲಿನದು ಹಲವರಿಗೆ ಗೊತ್ತಿರುವ ಕತೆ. ಹಾಸಿಗೆಯಲ್ಲಿ ಮಲಗಿಕೊಂಡೇ ಚಿತ್ರ ಬರೆಯಲು ಹಿಡಿದದ್ದು, 1929ರಲ್ಲಿ ಪ್ರಸಿದ್ಧ ಕಲಾವಿದ ದಿಯೆಗೊ ರಿವೇರಾನನ್ನು ಮದುವೆಯಾದದ್ದು, ಮೂವತ್ತರಷ್ಟು ಶಸ್ತ್ರಚಿಕಿತ್ಸೆಗಳು, ಉಕ್ಕಿನ, ಚರ್ಮದ, ಪ್ಲಾಸ್ಟರಿನ ಕವಚಗಳು, 1953ರಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದು, 1954ರ ಜುಲೈ 13ರಂದು ಸಾವು. ನಲವತ್ತೇಳು ವರ್ಷದ ಬದುಕು.

ಆಕೆ ಹೋದಮೇಲೆ ಬಟ್ಟೆಗಳು ಎಲ್ಲಿ ಹೋದವು ಎಂಬುದು ಬೇರೆಯೇ ಕತೆ. ದಿಯೆಗೊನ ಇಚ್ಛೆಯಂತೆ ಅವನ್ನು ಮನೆಯ ಬಚ್ಚಲುಕೋಣೆಯಲ್ಲಿ, ಕಪಾಟುಗಳಲ್ಲಿ ಇಟ್ಟು ಬೀಗ ಹಾಕಲಾಯಿತು. ಆ ಬೀಗ ತೆಗೆದದ್ದು 2004ರಲ್ಲಿ. ಒಳಗೆ ಸುಮಾರು 300 ಉಡುಪುಗಳಿದ್ದವು, ಕವಚಗಳಿದ್ದವು, ಊರುಗೋಲುಗಳಿದ್ದವು, ಒಂದರ ಹಿಮ್ಮಡಿ ಇನ್ನೊಂದಕ್ಕಿಂತ ಎತ್ತರವಾಗಿದ್ದ ಜೋಡುಗಳಿದ್ದವು, ಆ ಬೂಟೂ ಇತ್ತು. 2012ರಲ್ಲಿ ಆಕೆಯ ಮನೆಯಲ್ಲೇ ಇವುಗಳ ಪ್ರದರ್ಶನವಾಯಿತು. 2018ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ದೊಡ್ಡದೊಂದು ಪ್ರದರ್ಶನ ನಡೆಯಿತು. ಅಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಪ್ರದರ್ಶನದ ಪುಸ್ತಕವನ್ನು ನನಗೆಂದೇ ಹೊತ್ತು ತಂದಳು. ಇಟ್ಟಿಗೆಯಂಥ ಪುಸ್ತಕ. ಅದನ್ನು ನಾನು ಚಿತ್ರ ನೋಡಿ ನೋಡಿ ಸವೆಸಿದ್ದೇನೆ.

ಫ್ರೀಡಾ ಉದ್ದ ಲಂಗ ಉಡುತ್ತಿದ್ದದ್ದು ಕುಂಟುಗಾಲನ್ನು ಮುಚ್ಚಿಡಲು ಎಂಬುದು ಬಹಳ ಕಾಲದಿಂದ ನಡೆದುಬಂದ ಮಾತು. ಇನ್ನೊಂದು ಮಾತು, ಗಂಡನಿಗೆ ಆ ಉಡುಪು ಇಷ್ಟವಿತ್ತು ಎಂಬುದು. ಮೂರನೆಯದು, ಅದು ಮೆಕ್ಸಿಕೋದ ಸ್ವಾಭಿಮಾನದ ಸಂಕೇತ ಎಂಬುದು. ಮೂರೂ ಸುಳ್ಳಲ್ಲ. 2012ರ ಪ್ರದರ್ಶನವನ್ನು ರೂಪಿಸಿದ ಸಿರ್ಸೆ ಹೆನೆಸ್ತ್ರೋಸಾ ಎಂಬ ಮಹಿಳೆ ಇದನ್ನು ಸ್ವಲ್ಪ ತಿರುಗಿಸಿ ನೋಡಿದ್ದಾರೆ. ಆ ಉಡುಪಿನ ಆಯ್ಕೆಯ ನಡುವೆ ಆಕೆಯ ಅಂಗವೈಕಲ್ಯವೇ ಇತ್ತು, ಚೌಕಾಕಾರದ ಆ ರವಿಕೆ ನೋಡುವವರ ಕಣ್ಣನ್ನು ಸೊಂಟದಿಂದ ಮೇಲಕ್ಕೆ ಎತ್ತುತ್ತಿತ್ತು ಎಂಬುದು ಅವರ ವಾದ. ಸರಿಯಾದ ವಾದ. ಆದರೆ ಅದೂ ನಿಂತವಳನ್ನು ನೋಡಿ ಮಾಡಿದ ವಾದ. ನಡೆಯುವವಳಿಗೆ ಬಟ್ಟೆ ಏನು ಮಾಡುತ್ತದೆ ಎಂಬುದು ಬೇರೆ ಪ್ರಶ್ನೆ. ಅದನ್ನು ನಾನು ನನ್ನ ಕಾಲಿನ ಆಧಾರದ ಮೇಲೆಯೇ ಹೇಳಬೇಕಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ನನಗೆ ಪೋಲಿಯೋ ಆದದ್ದು ಎರಡನೆಯ ವಯಸ್ಸಿನಲ್ಲಿ. ಎಡಗಾಲು. ಈ ದೇಶವನ್ನು ಪೋಲಿಯೋಮುಕ್ತವೆಂದು ಸಾರಿದ್ದು 2014ರಲ್ಲಿ. ಅಂದರೆ ನಮ್ಮಂಥವರು ಇನ್ನು ಹೆಚ್ಚು ಹುಟ್ಟುವುದಿಲ್ಲ, ಒಳ್ಳೆಯದೇ. ನಮಗೆ ಕಾಲಕಾಲಕ್ಕೆ ಹೆಸರುಗಳು ಬದಲಾಗಿವೆ. ಕುಂಟಿ ಎಂದಿದ್ದದ್ದು ಅಂಗವಿಕಲೆ ಆಯಿತು, ಆಮೇಲೆ ವಿಕಲಚೇತನಳು, ಈಗ ವಿಶೇಷಚೇತನಳು. ಚೇತನಕ್ಕೆ ಏನೂ ಆಗಿರಲಿಲ್ಲ, ಕಾಲಿಗೆ ಆಗಿತ್ತು, ಇರಲಿ. ಕ್ಯಾಲಿಪರ್ ತೊಟ್ಟು ಸೀರೆ ಉಡುವುದೆಂದರೆ ಒಂದು ವಿದ್ಯೆ. ಎರಡು ಉಕ್ಕಿನ ಪಟ್ಟಿ, ಚರ್ಮದ ಬೆಲ್ಟುಗಳು, ಮೊಣಕಾಲಿನ ಹತ್ತಿರ ಬೀಗದಂಥ ಕೊಂಡಿ. ಕೂರುವಾಗ ಕೊಂಡಿಯನ್ನು ಸೀರೆಯ ಮೇಲಿಂದಲೇ ಹುಡುಕಿ ಎತ್ತಬೇಕು, ಟಕ್ ಎನ್ನುತ್ತದೆ. ಕೆಳಗೆ ದಪ್ಪ ಅಟ್ಟೆಯ ಶೂ, ಅದು ಪಟ್ಟಿಗಳಿಗೇ ಬಿಗಿದಿರುತ್ತದೆ. ಹೊಸ್ತಿಲಿನಲ್ಲಿ ಚಪ್ಪಲಿ ಬಿಡಿ ಎಂದರೆ ನಾನು ಕಾಲನ್ನೇ ಬಿಚ್ಚಿಡಬೇಕು. ಎಷ್ಟೋ ಮನೆಗಳ ಅರಿಶಿನ ಕುಂಕುಮವನ್ನು ನಾನು ಪಡಸಾಲೆಯ ಹೊರಗಿನ ಕಟ್ಟೆಯಲ್ಲೇ ತೆಗೆದುಕೊಂಡಿದ್ದೇನೆ.

ಸೀರೆಯ ಅಂಚು ಮೊದಲು ಹರಿಯುವುದು ಎಡಕ್ಕೆ, ಉಕ್ಕು ತಾಗುವಲ್ಲಿ. ಅದಕ್ಕೆ ನಾನು ಅಲ್ಲಿ ಫಾಲಿನ ಮೇಲೆ ಇನ್ನೊಂದು ಫಾಲು ಹಾಕುತ್ತೇನೆ. ನಮ್ಮವ್ವ, ‘ನೆರಿಗಿ ಒಂದೀಟು ಇಳಿಬಿಡು, ಕಾಣಂಗಿಲ್ಲ’ ಅನ್ನುತ್ತಿದ್ದಳು. ಇಳಿಬಿಟ್ಟರೆ ಶೂ ಕಾಣುವುದಿಲ್ಲ, ನಿಜ. ಆದರೆ ಮೆಟ್ಟಿಲಿನ ಮೇಲೆ ಅದೇ ನೆರಿಗೆ ಶೂಗೆ ಸಿಕ್ಕಿ ಮುಗ್ಗರಿಸುವುದೂ ನಿಜ. ಮುಚ್ಚಿಡುವ ಬಟ್ಟೆಯೇ ಬೀಳಿಸುವ ಬಟ್ಟೆ. ಇಳಿಬಿಡುವುದೋ ಎತ್ತಿ ಉಡುವುದೋ ಎಂಬುದನ್ನು ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ಗೊತ್ತುಮಾಡಬೇಕು. ಇವತ್ತು ಎಷ್ಟು ಮೆಟ್ಟಿಲು ಹತ್ತಬೇಕು, ಯಾರ ಮುಂದೆ ನಿಲ್ಲಬೇಕು, ಬಸ್ಸೋ ಆಟೋವೋ ಎಂಬ ಲೆಕ್ಕವೆಲ್ಲ ಆ ನಾಲ್ಕು ಬೆರಳಗಲದಲ್ಲಿ ಇರುತ್ತದೆ. ಆದ್ದರಿಂದ ‘ಉದ್ದ ಲಂಗ ಉಟ್ಟು ಕಾಲು ಮುಚ್ಚಿಕೊಂಡಳು’ ಎಂದು ಯಾರಾದರೂ ಒಂದೇ ವಾಕ್ಯದಲ್ಲಿ ಮುಗಿಸಿದರೆ, ಇವರು ಉದ್ದ ಲಂಗ ಉಟ್ಟು ಕುಂಟಿ ನೋಡಿಲ್ಲ ಎಂದು ನನಗೆ ಅನ್ನಿಸುತ್ತದೆ.

ಈಗ ಆ ಉಡುಪನ್ನು ನೋಡಿ. ಮೆಕ್ಸಿಕೋದ ದಕ್ಷಿಣದಲ್ಲಿರುವ ತೆಹುವಾಂತೆಪೆಕ್ ಎಂಬ ಸೀಮೆಯ ಹೆಂಗಸರ ಉಡುಪು ಅದು. ತೆಹುವಾನಾ ಎನ್ನುತ್ತಾರೆ. ಮೇಲೆ ಉಯ್ಪಿಲ್ ಎಂಬ ಗಿಡ್ಡ ಕುಪ್ಪಸ. ದರ್ಜಿಯ ಅಳತೆಯಿಲ್ಲ, ಮೈಗೆ ಅಂಟುವುದಿಲ್ಲ, ನೇರ ಅಂಚುಗಳ ಚೌಕ. ಅದರ ಮೇಲೆ ಸರಪಳಿ ಹೊಲಿಗೆಯ ಒತ್ತಾದ ಪಟ್ಟೆಗಳು. ಒಳಗೆ ಉಕ್ಕಿನ ಕವಚವಿದ್ದರೂ ಹೊರಗೆ ಉಬ್ಬು ತಗ್ಗು ತೋರದು; ಕೂತರೆ ಮುದುರದು. ಅಂದರೆ ಕವಚ ತೊಟ್ಟವಳಿಗೆ ಇದಕ್ಕಿಂತ ಅನುಕೂಲದ ರವಿಕೆ ಸಿಕ್ಕುವುದು ಕಷ್ಟ. ಕೆಳಗೆ ಅಗಲವಾದ ಭಾರದ ಲಂಗ, ಅದರ ಅಂಚಿಗೆ ನೆಲ ಮುಟ್ಟುವಂತೆ ಬಿಳಿಯ ನೆರಿಗೆಯ ಝಾಲರಿ. ಕುಂಟುವ ನಡಿಗೆಗೆ ಒಂದು ತೂಗು ಇರುತ್ತದೆ. ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ತೂಗು. ಬಿಗಿಯಾದ ಉಡುಪಿನಲ್ಲಿ ಆ ತೂಗು ದೇಹದ್ದಾಗಿ ಕಾಣುತ್ತದೆ, ಜನ ‘ಪಾಪ’ ಅನ್ನುತ್ತಾರೆ. ಅಗಲ ಲಂಗದಲ್ಲಿ ಅದೇ ತೂಗು ಬಟ್ಟೆಯದಾಗುತ್ತದೆ. ಬಿಳಿಯ ಝಾಲರಿ ಅತ್ತ ಇತ್ತ ಬೀಸುತ್ತದೆ. ಕುಂಟು ಹೋಗಲಿಲ್ಲ, ಅದು ಅಂಚಿಗೆ ಇಳಿದು ಅಲ್ಲಿ ಒಂದು ಲಯವಾಯಿತು. ಇದನ್ನು ಮುಚ್ಚುವುದು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಅಂದ ಹಾಗೆ, ಕಾಲು ಮುಚ್ಚುವುದೊಂದೇ ಬೇಕಿದ್ದರೆ ಪ್ಯಾಂಟು ಸಾಕಿತ್ತು. 1926ರಲ್ಲಿ ಆಕೆಯ ತಂದೆ ತೆಗೆದ ಕುಟುಂಬದ ಫೋಟೋದಲ್ಲಿ ಫ್ರೀಡಾ ಗಂಡಸರ ಸೂಟು ತೊಟ್ಟು ನಿಂತಿದ್ದಾಳೆ. ಆ ದಾರಿಯೂ ಗೊತ್ತಿತ್ತು, ಆದರೂ ತೆಹುವಾನಾ ಉಡುಪನ್ನು ಆರಿಸಿಕೊಂಡಳು.

ಹಾಗೆಂದು ಎಲ್ಲವನ್ನೂ ಹೊಗಳುವ ಅಗತ್ಯವಿಲ್ಲ. ಆ ಉಡುಪು ಆಕೆಯ ಕೇರಿಯದಲ್ಲ. ತೆಹುವಾಂತೆಪೆಕ್ಕಿನ ಸಂತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನೆಟ್ಟಗೆ ನಡೆಯುವ ಹೆಂಗಸರದು. ಅವರ ಹೊಲಿಗೆ, ಅವರ ಶ್ರಮ, ಹೆಸರಾದದ್ದು ಫ್ರೀಡಾ. ನಮ್ಮ ಇಳಕಲ್ ಸೀರೆಯನ್ನೋ ಲಂಬಾಣಿ ಕುಪ್ಪಸವನ್ನೋ ಪೇಟೆಯ ಹೆಂಗಸೊಬ್ಬಳು ತೊಟ್ಟು ಫೋಟೋ ತೆಗೆಸಿಕೊಂಡಾಗ ನಮಗೆ ಆಗುವ ಕಸಿವಿಸಿ ಇಲ್ಲಿಯೂ ಆಗಬೇಕು. ಆದರೆ ಒಂದು ಮಾತು ಹೊಳೆಯುತ್ತದೆ. ನೆಟ್ಟಗೆ ನಡೆಯುವುದರಲ್ಲಿ ಹೆಸರಾದವರ ಉಡುಪನ್ನೇ ನೆಟ್ಟಗೆ ನಡೆಯಲಾರದವಳು ಎರವಲು ತಂದಳಲ್ಲ, ಅದು ಹಟ.

ಚಿತ್ರಗಳಿಗೆ ಬಂದರೆ, ನಾನು ನೋಡಿದ ಯಾವ ಚಿತ್ರದಲ್ಲೂ ಫ್ರೀಡಾ ನಡೆಯುತ್ತಿಲ್ಲ. ನಿಂತಿದ್ದಾಳೆ, ಕೂತಿದ್ದಾಳೆ, ಮಲಗಿದ್ದಾಳೆ. 1944ರ ‘ಮುರಿದ ಕಂಬ’ದಲ್ಲಿ ಮೈತುಂಬ ಮೊಳೆ, ಕವಚ, ಸೊಂಟದ ಕೆಳಗೆ ಬಿಳಿಯ ಬಟ್ಟೆ. ಕಾಲು ಚೌಕಟ್ಟಿನ ಹೊರಗೆ. 1951ರ ಚಿತ್ರವೊಂದರಲ್ಲಿ ಗಾಲಿಕುರ್ಚಿಯಲ್ಲಿದ್ದಾಳೆ, ಆದರೆ ಕುರ್ಚಿಯೂ ಚಿತ್ರದ ಮುಂದೆ ನಿಂತುಬಿಟ್ಟಿದೆ, ಚಲಿಸುವುದಿಲ್ಲ. ಚಿತ್ರದಲ್ಲಿ ನೋವು ಬೇಕಾದಷ್ಟಿದೆ; ಬಸ್ ಸ್ಟ್ಯಾಂಡಿಗೆ ಹೋಗಿ ಬರುವುದು ಇಲ್ಲ. ಆದರೆ ಬಟ್ಟೆ ಬಂದ ಕಡೆ ಏನೋ ಅಲುಗುತ್ತದೆ. 1933ರ ‘ನನ್ನ ಉಡುಪು ಅಲ್ಲಿ ತೂಗುತ್ತಿದೆ’ ಎಂಬ ಚಿತ್ರದಲ್ಲಿ ನ್ಯೂಯಾರ್ಕಿನ ಕಟ್ಟಡಗಳ ನಡುವೆ ತೆಹುವಾನಾ ಲಂಗ ಮಾತ್ರ ನೇತಾಡುತ್ತಿದೆ, ಮೈ ಇಲ್ಲ. 1937ರ ‘ನೆನಪು, ಹೃದಯ’ದಲ್ಲಿ ಇನ್ನೂ ವಿಚಿತ್ರ. ನಡುವೆ ನಿಂತ ಫ್ರೀಡಾಳಿಗೆ ತೋಳುಗಳಿಲ್ಲ. ಅಕ್ಕಪಕ್ಕದಲ್ಲಿ ತೂಗುವ ಎರಡು ಉಡುಪುಗಳಿಗೆ ಒಂದೊಂದು ತೋಳಿದೆ. ಒಂದು ಶಾಲೆಯ ಹುಡುಗಿಯ ಉಡುಪು, ಇನ್ನೊಂದು ತೆಹುವಾನಾ. ಒಂದು ಪಾದ ನೆಲದ ಮೇಲಿದೆ, ಇನ್ನೊಂದು ನೀರಿನಲ್ಲಿ. ಪಟ್ಟಿ ಕಟ್ಟಿದ ಆ ಪಾದ ಹಾಯಿದೋಣಿಯ ಆಕಾರದಲ್ಲಿದೆ. ಕೆಲಸ ಮಾಡುವ ತೋಳನ್ನು ಬಟ್ಟೆಗೆ ಕೊಟ್ಟವಳು, ಕೆಟ್ಟ ಕಾಲನ್ನು ವಾಹನ ಮಾಡಿದವಳು. ನಾನು ಈ ಒಂದು ಚಿತ್ರವನ್ನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ.

ಇನ್ನು ಬೂಟು. 1953ರ ಆಗಸ್ಟಿನಲ್ಲಿ ಕಾಲು ಹೋಯಿತು. ಮೊದಮೊದಲು ಕೃತಕ ಕಾಲನ್ನು ಹಾಕಿಕೊಳ್ಳಲು ಆಕೆ ಒಪ್ಪಲಿಲ್ಲ. ಕೆಲವು ತಿಂಗಳ ಮೇಲೆ ಅಷ್ಟಿಷ್ಟು ದೂರ ನಡೆಯಲು ಕಲಿತಳು. ಆ ಕೃತಕ ಕಾಲಿಗೆ ತೊಡಿಸಿದ್ದು ಕೆಂಪು ಚರ್ಮದ, ಲೇಸು ಕಟ್ಟುವ ಬೂಟು. ಅದರ ಮೇಲೆ ಚೀನೀ ಕಸೂತಿಯ ರೇಷ್ಮೆಯ ತುಂಡುಗಳನ್ನು ತೇಪೆಯಂತೆ ಹಚ್ಚಿ ಹೊಲಿದಿದೆ. ಕಿರುಗಂಟೆ ಕಟ್ಟಿದೆ, ನಮ್ಮ ಭಾಷೆಯಲ್ಲಿ ಗೆಜ್ಜೆಯೆನ್ನಿ.

ಆ ವರ್ಷದ ದಿನಚರಿಯಲ್ಲಿ ಫ್ರೀಡಾ ಪಾದಗಳ ಚಿತ್ರವೊಂದನ್ನು ಬರೆದು, ಜೊತೆಗೆ ರೆಕ್ಕೆಗಳ ಬಗ್ಗೆ ಒಂದು ಸಾಲು ಬರೆದಿದ್ದಾಳೆ. ಆ ಸಾಲು ಈಗ ಚೀಲದ ಮೇಲೆ, ಕಪ್ಪಿನ ಮೇಲೆ, ಮೊಬೈಲಿನ ಶುಭೋದಯ ಸಂದೇಶದಲ್ಲಿ ಎಲ್ಲೆಲ್ಲೂ ಇದೆ. ಕಾಲಿಲ್ಲದವಳು ಹಾರಿದಳೆಂದರೆ ಎರಡು ಕಾಲಿದ್ದವರಿಗೆ ಬಹಳ ಸಮಾಧಾನ. ಹಾರುವವರಿಗೆ ಮೆಟ್ಟಿಲಿಗೆ ಕೈಪಿಡಿ ಬೇಡ, ಬಸ್ಸಿನ ಮೆಟ್ಟಿಲು ತಗ್ಗಿಸುವುದು ಬೇಡ. ನನ್ನ ತಕರಾರು ಆ ಸಾಲಿನ ಮೇಲಲ್ಲ. ನೋವಿನಲ್ಲಿದ್ದವರು ಏನು ಬೇಕಾದರೂ ಬರೆದುಕೊಳ್ಳಲಿ. ಅದನ್ನೇ ಹಿಡಿದುಕೊಂಡು ಬೂಟನ್ನು ಬಿಟ್ಟವರ ಮೇಲೆ. ರೆಕ್ಕೆಯ ಮಾತು ಬರೆದಾಕೆಗೇ ಆಮೇಲೆ ಬೂಟು ಬೇಕಾಯಿತಲ್ಲ! ಎರಡರಲ್ಲಿ ಯಾವುದನ್ನು ಕಾಲಿಗೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಹಾಕಿದಳೋ ಅದನ್ನು ನಾನು ನಂಬುತ್ತೇನೆ.

ಲಂಗದಲ್ಲಿ ಇಲ್ಲದ್ದು ಈ ಬೂಟಿನಲ್ಲಿ ಒಂದಿದೆ, ಸದ್ದು. ನನ್ನ ಕ್ಯಾಲಿಪರಿನ ಸದ್ದು ಶಾಲೆಯ ಓಣಿಯಲ್ಲಿ ನನಗಿಂತ ಮೊದಲು ತರಗತಿಗೆ ಹೋಗುತ್ತದೆ. ಮಕ್ಕಳು ಅದನ್ನು ಕೇಳಿಯೇ ಬೆಂಚಿನಿಂದ ಇಳಿದು ಪುಸ್ತಕ ತೆರೆಯುತ್ತಾರೆ. ಮೂವತ್ತು ವರ್ಷಗಳಿಂದ ಹೀಗೆಯೇ. ಆ ಸದ್ದನ್ನು ಎಣ್ಣೆ ಹಾಕಿ, ಚರ್ಮದ ತುಂಡು ಸೇರಿಸಿ ಕಡಿಮೆ ಮಾಡಲು ನಾನು ಪಟ್ಟ ಪಾಡು ನನಗೆ ಗೊತ್ತು. ಅಂಗವೈಕಲ್ಯವಿದ್ದ ಹೆಂಗಸು ಸದ್ದಾಗದಂತೆ ಬರಬೇಕು, ಮೂಲೆಯ ಕುರ್ಚಿಯಲ್ಲಿ ಕೂರಬೇಕು, ಮದುವೆಮನೆಯಲ್ಲಿ ಊಟದ ಸಾಲಿಗೆ ಕೊನೆಗೆ ಏಳಬೇಕು, ಇದು ನಮಗೆ ಯಾರೂ ಬಾಯಿಬಿಟ್ಟು ಹೇಳದೆ ಕಲಿಸಿದ ಪಾಠ. ಈಕೆ ತಾನಾಗಿ ಗೆಜ್ಜೆ ಕಟ್ಟಿಕೊಂಡಳು. ಕೃತಕ ಕಾಲಿಗೆ, ಕೆಂಪು ಬೂಟಿಗೆ! ನೋಡದೆ ಇರುವವರೂ ಕೇಳಬೇಕು ಎಂಬಂತೆ. ಜೀವನಚರಿತ್ರೆ ಬರೆದ ಹೇಡನ್ ಹೆರೆರಾ ಈ ಬೂಟನ್ನು ಫ್ರೀಡಾ ಕುಣಿತದ ಮಾತಿನೊಂದಿಗೆ ಜನರಿಗೆ ತೋರಿಸುತ್ತಿದ್ದಳೆಂದು ದಾಖಲಿಸಿದ್ದಾರೆ. ಲಂಗದ ಕಾಲದಲ್ಲಿ ಕುಂಟು ಅಂಚಿಗೆ ಇಳಿದಿತ್ತು. ಬೂಟಿನ ಕಾಲಕ್ಕೆ ಅದು ಹೆಜ್ಜೆಯನ್ನೇ ಹಿಡಿದು ಘಲಿರೆಂದಿತು.

ಸೂಜಿಕೆಲಸ ಮತ್ತು ನಡೆಯಲಾರದವರಿಗೆ ಹಳೆಯ ನಂಟಿದೆ, ಆದರೆ ಆ ನಂಟು ಬಹುಮಟ್ಟಿಗೆ ಬೇರೆ ಥರದ್ದು. ಮೊದಲ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಗಾಯಗೊಂಡ ಸೈನಿಕರಿಗೆ ಕಸೂತಿ ಕಲಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪೂಜಾವೇದಿಕೆಗೆ ಹೊದಿಸಲು 130ಕ್ಕೂ ಹೆಚ್ಚು ಮಂದಿ ಗಾಯಾಳುಗಳು ಹೊಲಿದ ಬಟ್ಟೆಯನ್ನು 1919ರಲ್ಲಿ ಬಳಸಲಾಯಿತು. 2014ರಲ್ಲಿ ಅದನ್ನು ಮತ್ತೆ ಹೊರಗೆ ತಂದು ತೋರಿಸಿದರು. ಚಿನ್ನದ ಪಾತ್ರೆ, ಎಲೆ, ಹೂವು. ಕೈ ಅಚ್ಚುಕಟ್ಟು, ನೋಡಲು ಸುಂದರ. ಆದರೆ ಹೊಲಿದವರ ಕಾಲು ಕೈಗಳ ಸುದ್ದಿ ಅದರಲ್ಲಿಲ್ಲ. ಅವರಿಗೆ ಕೊಟ್ಟದ್ದು ಮಾತಲ್ಲ, ಕೆಲಸ. ಕೆಲಸವೂ ಬೇಕು, ಬೇಡವೆನ್ನುವುದಿಲ್ಲ. ನಮ್ಮಲ್ಲಿಯೂ ಕಾಲು ಸರಿಯಿಲ್ಲದ ಹುಡುಗಿ ಎಂದರೆ ‘ಹೊಲಿಗೆ ಕಲಿಸಿ, ಕೂತು ಮಾಡುವ ಕೆಲಸ’ ಎಂದು ಸಲಹೆ ಕೊಡುವವರು ಊರಿಗೆ ಹತ್ತು ಜನ. ಹೊಲಿಗೆಯಂತ್ರವನ್ನು ಕಾಲಿನಿಂದ ತುಳಿಯಬೇಕು ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆಯುವುದಿಲ್ಲ.

ನನ್ನನ್ನೂ ಕೊಕ್ಕೊ ಆಟದ ಹೊತ್ತಿನಲ್ಲಿ ಕಸೂತಿ ಚೌಕಟ್ಟಿನೊಂದಿಗೆ ಕೂರಿಸುತ್ತಿದ್ದರು. ಹಾಗೆ ಕಲಿತ ಕಸೂತಿ ನನಗೆ ಪ್ರಿಯವೇ ಆಯಿತು. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಇಡುತ್ತ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗಿ ಬಿಟ್ಟ ಹೆಜ್ಜೆಗಳನ್ನು ತುಂಬುತ್ತದೆ. ಮುರಗಿ ಮೆಟ್ಟಿಲಿನಂತೆ ಹತ್ತುತ್ತದೆ. ಆದರೆ ಚಿತ್ತಾರಗಳನ್ನು ನೋಡಿ: ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ. ಎಲ್ಲವೂ ಹೊತ್ತು ಒಯ್ಯುವಂಥವು. ನಾನು ಹಾಕಿದ ಹಳೆಯ ಮಾದರಿಗಳಲ್ಲಿ ತನ್ನ ಕಾಲಿನಿಂದ ನಡೆದುಹೋಗುವ ಹೆಂಗಸು ಎಲ್ಲಿಯೂ ಸಿಕ್ಕಿಲ್ಲ. ಕುಂಟುವವಳ ಮಾತು ದೂರ. ಕಳೆದ ವರ್ಷ ನಾನು ಒಂದು ಕುಪ್ಪಸದ ಕಣದ ಅಂಚಿಗೆ ಗವಂತಿಯಲ್ಲಿ ಒಂದು ಉದ್ದ ಒಂದು ಗಿಡ್ಡ, ಒಂದು ಉದ್ದ ಒಂದು ಗಿಡ್ಡ ಎಂದು ಎಳೆ ಎಣಿಸಿ ಹಾಕಿದೆ. ಎಳೆ ತಪ್ಪಿದೆ ಎಂದು ನೆರೆಮನೆಯಾಕೆ ತೋರಿಸಿಕೊಟ್ಟಳು. ತಪ್ಪಿಲ್ಲ, ಅದು ನನ್ನ ಹೆಜ್ಜೆ ಎಂದೆ. ಆಕೆ ಸ್ವಲ್ಪ ಹೊತ್ತು ಅದರ ಮೇಲೆ ಬೆರಳಾಡಿಸಿದಳು, ಆಮೇಲೆ ಚಹಾ ಕುಡಿದೆವು.

ಮ್ಯೂಸಿಯಂನವರ ಬಗ್ಗೆ ಒಂದು ಆಕ್ಷೇಪಣೆ ಇದೆ. ಲಂಗಗಳನ್ನು ಬೊಂಬೆಗಳಿಗೆ ಉಡಿಸಿ ನಿಲ್ಲಿಸಿದ್ದಾರೆ. ಬೊಂಬೆಗಳು ನೆಟ್ಟಗಿವೆ, ಝಾಲರಿ ಸುತ್ತಲೂ ಸಮನಾಗಿ ನೆಲ ಮುಟ್ಟಿದೆ. ಅದೇ 2018ರಲ್ಲಿ ಬಾರ್ಬಿ ಗೊಂಬೆಯ ಕಂಪನಿ ಫ್ರೀಡಾ ಗೊಂಬೆಯನ್ನು ಮಾರುಕಟ್ಟೆಗೆ ತಂದಾಗ ಹುಬ್ಬು ಸರಿಯಿಲ್ಲವೆಂದು ದೊಡ್ಡ ಗಲಾಟೆಯಾಯಿತು. ಕಾಲಿನ ಮಾತು ಎತ್ತಿದವರು ಕಡಿಮೆ. ಗಾಜಿನ ಪೆಟ್ಟಿಗೆಯೊಳಗಿನ ಬೂಟಿನ ಗೆಜ್ಜೆಯೂ ನುಡಿಯುವುದಿಲ್ಲ. ಇದನ್ನು ಸರಿಪಡಿಸುವುದು ಹೇಗೆಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಜಪಾನಿನ ಛಾಯಾಗ್ರಾಹಕಿ ಇಶಿಯುಚಿ ಮಿಯಾಕೊ 2011ರಲ್ಲಿ ತೆಗೆದ ಫೋಟೋಗಳು ಮಾತ್ರ ಬೇರೆ. ಆಕೆ ಬೊಂಬೆಗಳಿಗೆ ಉಡಿಸಲಿಲ್ಲ. ಜೋಡು, ಕಾಲುಚೀಲ, ಕವಚಗಳನ್ನು ಹಗಲು ಬೆಳಕಿನಲ್ಲಿ ಹಾಗೇ ಇಟ್ಟು ತೆಗೆದಿದ್ದಾರೆ; ಉಟ್ಟು ಕಳಚಿಟ್ಟವರು ಈಗ ತಾನೇ ಒಳಗೆ ಹೋದಂತೆ. ಉದ್ದ ಹಿಮ್ಮಡಿಯ ಜೋಡು ಸವೆದಿರುವ ರೀತಿ ನೋಡಿ ನಾನು ನನ್ನ ಶೂವನ್ನು ತಿರುಗಿಸಿ ನೋಡಿಕೊಂಡೆ.

ಪುಸ್ತಕಗಳಲ್ಲಿ ಸಿಗುವ ಇನ್ನೊಂದು ಹಳೆಯ ಫೋಟೋ ಇದೆ. ಗ್ವಾಟೆಮಾಲಾದ ಸರಕಾರವನ್ನು ಅಮೆರಿಕ ಉರುಳಿಸಿದ್ದನ್ನು ವಿರೋಧಿಸಿ 1954ರ ಜುಲೈ 2ರಂದು ಮೆಕ್ಸಿಕೋ ನಗರದಲ್ಲಿ ಮೆರವಣಿಗೆ ನಡೆಯಿತು. ನ್ಯುಮೋನಿಯಾದಿಂದ ಇನ್ನೂ ಏಳದಿದ್ದ ಫ್ರೀಡಾ ಗಾಲಿಕುರ್ಚಿಯಲ್ಲಿ ಕೂತು ಹೋದಳು. ಹಿಂದೆ ದಿಯೆಗೊ ನಿಂತಿದ್ದಾನೆ. ಸಾಯಲು ಇನ್ನು ಹನ್ನೊಂದು ದಿನ. ತಲೆಯಲ್ಲಿ ಹೂವಿಲ್ಲ, ಜಡೆಯ ಶೃಂಗಾರವಿಲ್ಲ. ಸುಕ್ಕಾದ ಒಂದು ತಲೆವಸ್ತ್ರ ಕಟ್ಟಿಕೊಂಡಿದ್ದಾಳೆ, ನಮ್ಮಲ್ಲಿ ಹೊಲಕ್ಕೆ ಹೊರಟವರು ಕಟ್ಟುವ ಹಾಗೆ. ಮುಷ್ಟಿ ಬಿಗಿದಿದ್ದಾಳೆ. ಸುತ್ತಲೂ ಜನ, ರಸ್ತೆ, ಮಳೆಗಾಲದ ಆಕಾಶ. ಚೀಲಗಳ ಮೇಲೆ ಈ ಫೋಟೋವನ್ನು ಯಾರೂ ಅಚ್ಚು ಹಾಕಿದ್ದನ್ನು ನಾನು ಕಂಡಿಲ್ಲ.